ತೋಳನ ಪ್ರಸಂಗದ ಹಿಂದೆ ಆರೂವರೆ ವರ್ಷ

2019ರ ಫೆಬ್ರವರಿಯಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿದ್ದೆ. 2025ರ ಆಗಸ್ಟ್‌ನಲ್ಲಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ, ಅಲ್ಲಿನ ಜನರ ಆಗಿನ ಭಾಷೆಯಲ್ಲೇ ಮಾಡಿದ ಕ್ರೈಸ್ತ ಪ್ರಸಂಗಗಳು, ಅಂದರೆ ಚರ್ಚಿನ ಉಪದೇಶಗಳು, ನನ್ನ ವಿಷಯ. ಪಾಪ ಮತ್ತು ದೇವರ ಶಿಕ್ಷೆಯ ಮಾತು ಬಂದಾಗ ಅವುಗಳಲ್ಲಿ ಸತ್ಯವೇದದ, ಅಂದರೆ ಬೈಬಲ್ಲಿನ, ದನಿ ಎಲ್ಲೆಲ್ಲಿ ಕೇಳಿಸುತ್ತದೆ ಎಂದು ಹುಡುಕುವುದು ಕೆಲಸ. ಶುರು ಮಾಡಿದಾಗ ದಾರಿ ತೋರಿಸಲು ಹತ್ತಿರದಲ್ಲಿ ಯಾರೂ ಸಿಗಲಿಲ್ಲ. ಹೀಗಾಗಿ ಬಹಳಷ್ಟನ್ನು ಎಡವಿಯೇ ಕಲಿತೆ. ನನ್ನ ಹಿಂದೆ ಬರುವವರಿಗೆ ಅಷ್ಟು ಎಡವುವ ಅಗತ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ವಿಷಯ ನನ್ನನ್ನು ಹಿಡಿದದ್ದು ಅಜ್ಜನಿಂದ. ಅಜ್ಜ ಗದಗ-ಬೆಟಗೇರಿ ಕಡೆ ಉಪದೇಶಿಯಾಗಿದ್ದರು. ಪ್ರಸಂಗ ಮಾಡುವಾಗ ಅಧ್ಯಾಯ, ವಚನ ಹೇಳುತ್ತಿದ್ದುದು ಅಪರೂಪ. ಮಾತಾಡುತ್ತಾ ಹೋಗುತ್ತಿದ್ದರು, ನಡುವೆ ಒಂದು ಸಾಲು ಬರುತ್ತಿತ್ತು, ಮುಂದಿನ ಬೆಂಚಿನಲ್ಲಿ ಕುಳಿತ ಮುದುಕಿಯರ ತುಟಿ ಅಲುಗಾಡುತ್ತಿತ್ತು. ಅದು ಯೆಶಾಯನದೋ ಕೀರ್ತನೆಯದೋ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಂ.ಎ. ಓದುವಾಗ ವುಲ್ಫ್‌ಸ್ಟನ್‌ನ ಪ್ರಸಂಗವೊಂದನ್ನು ಅನುವಾದದಲ್ಲಿ ಓದಿದೆ. ಆ ಮುದುಕಿಯರ ತುಟಿ ನೆನಪಾಯಿತು.

ವುಲ್ಫ್‌ಸ್ಟನ್ ಮೊದಲು ಲಂಡನ್ನಿನ ಬಿಷಪ್, 1002ರಿಂದ 1023ರಲ್ಲಿ ಸಾಯುವ ತನಕ ಯಾರ್ಕಿನ ಆರ್ಚ್‌ಬಿಷಪ್. ಹೆಸರಿನಲ್ಲೇ ತೋಳ ಇರುವುದರಿಂದ ಲ್ಯಾಟಿನ್ನಿನಲ್ಲಿ ತನ್ನನ್ನು 'ಲೂಪಸ್' ಎಂದು ಕರೆದುಕೊಂಡ. ಅವನ ಪ್ರಸಿದ್ಧ ಪ್ರಸಂಗದ ತಲೆಬರಹದ ಅರ್ಥ 'ಇಂಗ್ಲಿಷರಿಗೆ ತೋಳನ ಪ್ರಸಂಗ'. ಒಂದು ಹಸ್ತಪ್ರತಿಯ ತಲೆಬರಹ ಅದಕ್ಕೆ 1014ನೇ ಇಸವಿಯನ್ನೇ ಕೊಡುತ್ತದೆ. ಹಿಂದಿನ ವರ್ಷವಷ್ಟೇ ಡೆನ್ಮಾರ್ಕಿನ ಡೇನರ ರಾಜ ಸ್ವೇನ್ ಇಂಗ್ಲೆಂಡನ್ನು ಗೆದ್ದಿದ್ದ, ರಾಜ ಎಥೆಲ್ರೆಡ್ ಸಮುದ್ರದಾಚೆ ಓಡಿಹೋಗಿದ್ದ. ಊರೂರು ಸುಟ್ಟಿದ್ದವು. ಅಂಥ ಹೊತ್ತಿನಲ್ಲಿ ಈತ ನಿಂತು, 'ಪ್ರಿಯ ಜನರೇ, ಸತ್ಯ ತಿಳಿಯಿರಿ, ಈ ಲೋಕ ಅವಸರದಲ್ಲಿದೆ, ಅಂತ್ಯ ಹತ್ತಿರವಾಗುತ್ತಿದೆ' ಎಂದು ಶುರುಮಾಡುತ್ತಾನೆ.

ಮೊದಲ ವರ್ಷ ಕೋರ್ಸ್‌ವರ್ಕ್‌ನಲ್ಲೇ ಹೋಯಿತು. ಅದರ ಜೊತೆಗೆ ಭಾಷೆ. ಹಳೆಯ ಇಂಗ್ಲಿಷ್ ಎಂದರೆ ಶೇಕ್ಸ್‌ಪಿಯರನ ಇಂಗ್ಲಿಷ್ ಎಂದುಕೊಂಡವರು ಇದ್ದಾರೆ, ನೋಂದಣಿ ಸಂದರ್ಶನದಲ್ಲಿ ಒಬ್ಬರು ಹಾಗೆಂದೇ ಕೇಳಿದರು. ಪಂಪನ ಕನ್ನಡ ನಮಗೆ ಎಷ್ಟು ದೂರವೋ ಇದು ಇಂದಿನ ಇಂಗ್ಲಿಷಿಗೆ ಅದಕ್ಕಿಂತ ದೂರ. ನಾಮಪದಕ್ಕೆ ವಿಭಕ್ತಿ, ಲಿಂಗ, ಎಲ್ಲವೂ ಇದೆ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ: ವಿಭಕ್ತಿ ನಮಗೆ ಹೊಸದಲ್ಲ. ಇಂಗ್ಲಿಷ್ ಮಾತ್ರ ಗೊತ್ತಿರುವವರು ತಡವರಿಸುವ ಕಡೆ ನಾವು ಸಲೀಸಾಗಿ ಹೋಗುತ್ತೇವೆ. ಬಾಸ್‌ವರ್ತ್-ಟಾಲರ್ ನಿಘಂಟು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ದುಡ್ಡು ಕೊಟ್ಟು ಕೊಳ್ಳಬೇಡಿ. ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಹತ್ತು ಸಾಲು, ಜೋರಾಗಿ. ಜೋರಾಗಿ ಓದಲೇಬೇಕು. 'ಹೆರೆ ಅಂಡ್ ಹುಂಗರ್, ಬ್ರುನೆ ಅಂಡ್ ಬ್ಲೋಡ್‌ಗುತೆ', 'ಸ್ಟಾಲು ಅಂಡ್ ಕ್ವಾಲು' ಎಂದು ಅವನು ಜೋಡಿ ಜೋಡಿಯಾಗಿ ಬಡಿಯುತ್ತಾನೆ. ದಂಡು, ಬರ, ಬೆಂಕಿ, ನೆತ್ತರು, ಕಳವು, ಕೊಲೆ. ಕಣ್ಣಲ್ಲಿ ಓದಿದರೆ ಪಟ್ಟಿ, ಬಾಯಲ್ಲಿ ಓದಿದರೆ ಡೊಳ್ಳು.

ನನ್ನ ದೊಡ್ಡ ತಪ್ಪು ಆದದ್ದು ಆಮೇಲೆ. ಮನೆಯಲ್ಲಿದ್ದ ಕಿಂಗ್ ಜೇಮ್ಸ್ ಬೈಬಲ್ ಪಕ್ಕದಲ್ಲಿಟ್ಟುಕೊಂಡು, ಪ್ರಸಂಗದ ಮಾತಿಗೆ ಹತ್ತಿರದ ಮಾತು ಅದರಲ್ಲಿ ಹುಡುಕಿ ಕೋಷ್ಟಕ ಮಾಡತೊಡಗಿದೆ. ಏಳು ತಿಂಗಳು. ಎಂಬತ್ತು ಪುಟ. ಗೈಡ್ ಎರಡು ಪುಟ ತಿರುವಿ ಕೇಳಿದರು: 'ಅವನ ಕೈಯಾಗ ಯಾವ ಬೈಬಲ್ ಇತ್ತವ್ವಾ?' ಕಿಂಗ್ ಜೇಮ್ಸ್ ಅಚ್ಚಾದದ್ದು 1611ರಲ್ಲಿ. ನನ್ನ ಪ್ರಸಂಗ 1014ರದು. ಅವನ ಮುಂದಿದ್ದದ್ದು ವಲ್ಗೇಟ್, ಅಂದರೆ ಜೆರೋಮನ ಲ್ಯಾಟಿನ್ ಬೈಬಲ್. ನಾನು ಪಕ್ಕದಲ್ಲಿಟ್ಟು ಹೋಲಿಸಿದ ಪದಗಳು ಅವನ ಕಿವಿಗೆ ಬಿದ್ದವೇ ಅಲ್ಲ. ಆ ದಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಹೀಗಾಗಿ ಮೊದಲ ಮಾತು: ಲ್ಯಾಟಿನ್ ಕಲಿಯದೆ ಈ ಕೆಲಸಕ್ಕೆ ಕೈಹಾಕಬೇಡಿ. ವಲ್ಗೇಟ್ ಓದುವಷ್ಟು ಲ್ಯಾಟಿನ್ ಒಂದೂವರೆ ವರ್ಷದಲ್ಲಿ ಬರುತ್ತದೆ, ನಾನು ಒಬ್ಬ ನಿವೃತ್ತ ಪಾದ್ರಿಗಳ ಹತ್ತಿರ ವಾರಕ್ಕೆ ಎರಡು ದಿನ ಹೋಗಿ ಕಲಿತೆ, ಅವರು ಫೀ ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಣ್ಣ ವಿಷಯ, ಆದರೆ ತಲೆ ತಿನ್ನುತ್ತದೆ. ವಲ್ಗೇಟಿನ ಕೀರ್ತನೆಗಳ ಸಂಖ್ಯೆ ನಮ್ಮ ಕನ್ನಡ ಸತ್ಯವೇದದ ಸಂಖ್ಯೆಗಿಂತ ಬಹುಪಾಲು ಒಂದು ಹಿಂದೆ. ದಾವೀದನ ಪಶ್ಚಾತ್ತಾಪದ ಕೀರ್ತನೆ ನಮಗೆ 51, ಅವರಿಗೆ 50. ಅಡಿಟಿಪ್ಪಣಿಯಲ್ಲಿ ಯಾವ ಲೆಕ್ಕ ಹಿಡಿದಿದ್ದೀರಿ ಎಂದು ಮೊದಲ ಪುಟದಲ್ಲೇ ಬರೆದುಬಿಡಿ.

ಕನ್ನಡ ಸತ್ಯವೇದವನ್ನು ಮಾತ್ರ ನಾನು ಕೈಬಿಡಲಿಲ್ಲ. ಸಾಕ್ಷಿಗಾಗಿ ವಲ್ಗೇಟ್, ಕಿವಿಗಾಗಿ ಅಜ್ಜನ ಪುಸ್ತಕ. ಒಂದು ಸಂಜೆ ಪ್ರಸಂಗದಲ್ಲಿ ಈ ಸಾಲು ಓದುತ್ತಿದ್ದೆ: ಯುದ್ಧದಲ್ಲಿ ಎಷ್ಟೋ ಸಲ ಒಬ್ಬನೇ ಹತ್ತು ಮಂದಿಯನ್ನು ಓಡಿಸುತ್ತಾನೆ, ಕೆಲವೊಮ್ಮೆ ಕಡಿಮೆ, ಕೆಲವೊಮ್ಮೆ ಹೆಚ್ಚು, ಎಲ್ಲ ನಮ್ಮ ಪಾಪಗಳಿಗಾಗಿ. ಇಬ್ಬರೋ ಮೂವರೋ ಕಡಲುಗಳ್ಳರು ಕ್ರೈಸ್ತರ ಹಿಂಡನ್ನೇ ಒಂದು ಕಡಲಿನಿಂದ ಇನ್ನೊಂದು ಕಡಲಿನ ತನಕ ಅಟ್ಟಿಕೊಂಡು ಹೋಗುತ್ತಾರೆ ಎಂದೂ ಹೇಳುತ್ತಾನೆ. ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಸತ್ಯವೇದದಲ್ಲಿ ಮೋಶೆಯ ಹೆಸರಿನಲ್ಲಿರುವ ಐದು ಪುಸ್ತಕಗಳಲ್ಲಿ ಒಂದಾದ ಯಾಜಕಕಾಂಡದ 26ನೇ ಅಧ್ಯಾಯ ತೆಗೆದೆ. ನನ್ನ ಮಾತು ಕೇಳಿದರೆ ನಿಮ್ಮಲ್ಲಿ ಐದು ಮಂದಿ ನೂರು ಮಂದಿಯನ್ನು ಓಡಿಸುವಿರಿ ಎಂದು ದೇವರು ಅಲ್ಲಿ ಮಾತು ಕೊಡುತ್ತಾನೆ. ಕೇಳದಿದ್ದರೆ, ಯಾರೂ ಅಟ್ಟದಿದ್ದರೂ ಓಡುವಿರಿ. ಆ ಐದರಲ್ಲೇ ಇನ್ನೊಂದಾದ ಧರ್ಮೋಪದೇಶಕಾಂಡದ 32ರಲ್ಲಿ ಒಬ್ಬನು ಸಾವಿರ ಮಂದಿಯನ್ನು ಅಟ್ಟುವ ಮಾತು ಮತ್ತೆ ಬರುತ್ತದೆ. ವುಲ್ಫ್‌ಸ್ಟನ್ ಆ ವಾಗ್ದಾನವನ್ನು ಬುಡಮೇಲು ಮಾಡಿ ಇಂಗ್ಲಿಷರ ಬೆನ್ನಿಗೆ ಕಟ್ಟಿದ್ದಾನೆ. ಒಂದು ಕಡೆಯೂ 'ಮೋಶೆ ಹೀಗೆ ಹೇಳಿದ' ಎನ್ನುವುದಿಲ್ಲ.

ಆಮೇಲೆ ಧರ್ಮೋಪದೇಶಕಾಂಡದ 28ನೇ ಅಧ್ಯಾಯದ ಶಾಪಗಳನ್ನು ಪ್ರಸಂಗದ ಪಕ್ಕಕ್ಕಿಟ್ಟು ಓದಿದೆ. ಕೂದಲು ನಿಮಿರಿತು. ಮದುವೆಯಾದವಳನ್ನು ಇನ್ನೊಬ್ಬನು ಕೂಡುವನು ಎಂದು ಅಲ್ಲಿದೆ. ಇಲ್ಲಿ ಗಂಡ ನೋಡುತ್ತಿರುವಾಗಲೇ ಅವನ ಹೆಂಡತಿಯನ್ನು ಹತ್ತು ಹನ್ನೆರಡು ಮಂದಿ ಕೆಡಿಸುತ್ತಾರೆ. ಗಂಡುಹೆಣ್ಣು ಮಕ್ಕಳು ಪರಜನರ ಪಾಲಾಗುವರು ಎಂದು ಅಲ್ಲಿದೆ. ಇಲ್ಲಿ ತಂದೆ ಮಗುವನ್ನು ಮಾರುತ್ತಾನೆ, ಮಗ ತಾಯಿಯನ್ನು, ಅಣ್ಣ ತಮ್ಮನನ್ನು. ನಿನ್ನ ನಡುವೆ ಇರುವ ಪರದೇಶಿ ನಿನಗಿಂತ ಮೇಲೇರುವನು ಎಂದು ಅಲ್ಲಿದೆ. ಇಲ್ಲಿ ಓಡಿಹೋಗಿ ಕಡಲುಗಳ್ಳರನ್ನು ಸೇರಿದ ಆಳು ತನ್ನ ಒಡೆಯನನ್ನೇ ಆಳು ಮಾಡಿಕೊಳ್ಳುತ್ತಾನೆ. ಇಷ್ಟು ಹತ್ತಿರದ ಸಾಲುಗಳನ್ನು ಕಂಡ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಇಷ್ಟಕ್ಕೇ ನಿಂತರೆ ಮತ್ತೊಮ್ಮೆ ಎಡವುತ್ತೀರಿ, ನಾನು ಎಡವಿದೆ. ಪ್ರತಿಧ್ವನಿ ಕೇಳಿಸಿದ ತಕ್ಷಣ ಅದು ನೇರ ಸತ್ಯವೇದದಿಂದಲೇ ಬಂತು ಎಂದು ಬರೆಯಬೇಡಿ. ಕೊನೆಯ ಭಾಗದಲ್ಲಿ ವುಲ್ಫ್‌ಸ್ಟನ್ ಗಿಲ್ಡಾಸ್ ಎಂಬವನ ಹೆಸರು ಹೇಳುತ್ತಾನೆ. ಆರನೇ ಶತಮಾನದ ಗಿಲ್ಡಾಸ್, ಇಂಗ್ಲಿಷರಿಗಿಂತ ಮೊದಲು ಅಲ್ಲಿದ್ದ ಬ್ರಿಟನ್ನರು ತಮ್ಮ ಪಾಪಗಳಿಂದ ನಾಡು ಕಳೆದುಕೊಂಡರು ಎಂದು ಪ್ರವಾದಿಗಳ ಮಾತು ತುಂಬಿ ತುಂಬಿ ಬರೆದವನು. ಆದರೆ ವುಲ್ಫ್‌ಸ್ಟನ್ ಆ ಮಾತನ್ನು ಎತ್ತಿಕೊಂಡದ್ದು ಎಂಟನೇ ಶತಮಾನದ ಇಂಗ್ಲಿಷ್ ವಿದ್ವಾಂಸ ಆಲ್ಕ್ವಿನ್‌ನ ಪತ್ರದಿಂದ. 793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ಕಡಲುಗಳ್ಳರು ಸೂರೆ ಮಾಡಿದ ಮೇಲೆ ಇದು ನಮ್ಮ ಪಾಪದ ಫಲವಲ್ಲವೇ ಎಂದು ಪತ್ರಗಳ ಮೇಲೆ ಪತ್ರ ಬರೆದವನು ಆಲ್ಕ್ವಿನ್. ಅವನ ಪತ್ರಗಳ ಒಂದು ಸಂಗ್ರಹವನ್ನು ವುಲ್ಫ್‌ಸ್ಟನ್ ತನಗಾಗಿಯೇ ಪ್ರತಿ ಮಾಡಿಸಿಕೊಂಡಿದ್ದ. ಅಂದರೆ ಪ್ರವಾದಿಯಿಂದ ಗಿಲ್ಡಾಸ್, ಅವನಿಂದ ಆಲ್ಕ್ವಿನ್, ಅವನಿಂದ ಈ ತೋಳ. ಇದರ ಜೊತೆಗೆ ವುಲ್ಫ್‌ಸ್ಟನ್ ಕಾಲದವನೇ ಆದ, ಐನ್‌ಶಮ್ ಮಠದ ಎಲ್ಫ್ರಿಕ್ ಇದ್ದಾನೆ, ಮೋಶೆಯ ಪ್ರಾರ್ಥನೆಯ ಬಗ್ಗೆ ಅವನು ಬರೆದ ಪ್ರಸಂಗದಲ್ಲೂ ಯಾಜಕಕಾಂಡದ ಇದೇ 26ನೇ ಅಧ್ಯಾಯ ಬರುತ್ತದೆ. ಪ್ರತಿ ಸಾಲಿಗೂ ಈ ಸರಪಳಿ ನೋಡಬೇಕು. ನನ್ನ ಎರಡನೇ ಅಧ್ಯಾಯ ಮೂರು ಸಲ ಬರೆದಾಯಿತು.

2021ರ ಮೇ ತಿಂಗಳ ಬಗ್ಗೆ ಬರೆಯದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ಕೋವಿಡ್‌ನ ಎರಡನೇ ಅಲೆ. ನಮ್ಮ ಓಣಿಯಲ್ಲೇ ಹದಿನೈದು ದಿನದಲ್ಲಿ ನಾಲ್ಕು ಸಾವು, ಅದರಲ್ಲಿ ಒಬ್ಬರು ನನ್ನ ಸೋದರಮಾವ. ಸಂಜೆ ಫೋನಿನಲ್ಲೇ ಪ್ರಾರ್ಥನಾಕೂಟ. ಒಬ್ಬರು ಧರ್ಮೋಪದೇಶಕಾಂಡದ 28 ಓದಿ, ಇದು ಇಂಥವರ ಪಾಪದಿಂದ ಬಂದದ್ದು, ಅಂಥವರ ಪಾಪದಿಂದ ಬಂದದ್ದು ಎಂದು ಶುರುಮಾಡಿದರು. ಅವ್ವ ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದಳು. 'ನೀನು ಇದನ್ನೇ ಓದಾಕತ್ತೀಯಲ್ಲ, ಹೇಳು. ನನ್ನ ತಮ್ಮ ಏನು ಪಾಪ ಮಾಡಿದ್ದ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ತಿಂಗಳು ಪ್ರಸಂಗ ತೆರೆಯಲಿಲ್ಲ. ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ಪದ: 'ಉರೆ'. ನಮ್ಮ. ವುಲ್ಫ್‌ಸ್ಟನ್ ಬೆರಳು ತೋರಿಸುವುದು ಡೇನರ ಕಡೆಗಲ್ಲ, ನಮ್ಮ ಪಾಪ, ನಾವು ಕದ್ದೆವು, ನಾವು ಮಾರಿದೆವು ಎನ್ನುತ್ತಾನೆ. ಅವನು ಎಣಿಸುವ ಪಾಪಗಳಲ್ಲಿ ಒಂದು, ಸಣ್ಣ ಕಳವಿಗಾಗಿ ತೊಟ್ಟಿಲ ಕೂಸನ್ನು ಆಳಾಗಿಸಿದ್ದು. ಸತ್ತವರ ಪಾಪ ಅವನು ಎಲ್ಲೂ ಕೇಳುವುದಿಲ್ಲ, ಬದುಕಿ ಕೂತು ಕೇಳುತ್ತಿರುವವರ ಪಾಪ ಕೇಳುತ್ತಾನೆ. ಅವ್ವನಿಗೆ ಅದನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ, ಆ ರಾತ್ರಿ ಊಟ ಮಾಡಿದಳು. ಮೂರನೇ ಅಧ್ಯಾಯ ಪೂರ್ತಿ ಆ ಒಂದು ಪದದ ಮೇಲೆ ನಿಂತಿದೆ.

ಇನ್ನು ಹಸ್ತಪ್ರತಿಗಳ ವಿಷಯ. ಈ ಪ್ರಸಂಗ ಐದು ಹಸ್ತಪ್ರತಿಗಳಲ್ಲಿ ಉಳಿದಿದೆ: ಲಂಡನ್ನಿನಲ್ಲಿ ಒಂದು, ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿ ಎರಡು, ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಎರಡು. ಲಂಡನ್ ಪ್ರತಿಯ ಹೆಸರು 'ಕಾಟನ್ ನೀರೋ ಎ ಒಂದು'. ಹೆಸರು ಕೇಳಿ ನಾನು ಮೊದಲು ಗಾಬರಿಯಾಗಿದ್ದೆ. ರಾಬರ್ಟ್ ಕಾಟನ್ ಎಂಬವರ ಸಂಗ್ರಹದಲ್ಲಿ ಹೆಚ್ಚಿನ ಕಪಾಟುಗಳ ಮೇಲೆ ಒಬ್ಬೊಬ್ಬ ರೋಮನ್ ದೊರೆಯ ಮೂರ್ತಿ ಇರುತ್ತಿತ್ತು. ನೀರೋ ಕಪಾಟು, ಮೇಲಿನ ಹಲಗೆ, ಮೊದಲ ಪುಸ್ತಕ ಎಂದಷ್ಟೇ ಅರ್ಥ. ಈ ಪ್ರತಿಯಲ್ಲಿ ವುಲ್ಫ್‌ಸ್ಟನ್ ತನ್ನ ಕೈಯಿಂದಲೇ ತಿದ್ದಿದ್ದಾನೆ ಎಂಬುದನ್ನು ನೀಲ್ ಕೇರ್ ಎಂಬ ವಿದ್ವಾಂಸರು ಗುರುತಿಸಿದರು. ಅದರ ಫೋಟೊ ಮುದ್ರಣ 1971ರಲ್ಲಿ ಬಂದಿದೆ, ಅದರಿಂದಲೇ ನನ್ನ ಕೆಲಸ ನಡೆಯಿತು. ಕೇಂಬ್ರಿಜ್ ಪ್ರತಿಗಳ ಚಿತ್ರ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ. ಆದ್ದರಿಂದ ವಿಮಾನದ ಟಿಕೆಟ್‌ಗೆ ಕೈಹಾಕುವ ಮೊದಲು ಚಿತ್ರದಲ್ಲಿ ಯಾವುದು ಕಾಣುವುದಿಲ್ಲ, ಯಾವುದಕ್ಕಾಗಿ ಹೋಗಲೇಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆ ಇಲ್ಲದೆ ನಾನು ಒಂದು ಗ್ರಂಥಾಲಯಕ್ಕೆ ಬರೆದಾಗ, ಚಿತ್ರಗಳಿವೆ, ಮೂಲ ಕೊಡುವುದಿಲ್ಲ ಎಂಬ ಉತ್ತರ ಐದು ವಾರ ಬಿಟ್ಟು ಬಂತು.

ನನಗೆ ಹೋಗಲೇಬೇಕಿದ್ದದ್ದು ಆಕ್ಸ್‌ಫರ್ಡ್‌ನ ಹ್ಯಾಟನ್ 113ಕ್ಕಾಗಿ. ಹನ್ನೊಂದನೇ ಶತಮಾನದಲ್ಲಿ ವುಸ್ಟರ್‌ನಲ್ಲಿ ಬರೆದ ಪ್ರತಿ ಅದು. ಹದಿಮೂರನೇ ಶತಮಾನದಲ್ಲಿ, ಈ ಹಳೆಯ ಭಾಷೆ ಜನರಿಗೆ ಅರ್ಥವಾಗದ ಕಾಲದಲ್ಲಿ, ಒಬ್ಬ ಸನ್ಯಾಸಿ ಕೂತು ಸಾಲುಗಳ ಮೇಲೆ ಲ್ಯಾಟಿನ್ ಅರ್ಥ ಬರೆದಿದ್ದಾನೆ. ಅವನ ಕೈ ನಡುಗುತ್ತಿತ್ತು. ವಿದ್ವಾಂಸರು ಅವನನ್ನು ಕರೆಯುವುದೇ 'ನಡುಗುವ ಕೈ' ಎಂದು. ಮಾಸಿದ ಆ ಅಕ್ಷರಗಳು ಚಿತ್ರದಲ್ಲಿ ಪೂರ್ತಿ ಮೂಡಿರಲಿಲ್ಲ. ಈ ಸಲ ಪತ್ರದಲ್ಲಿ ಯಾವ ಪುಟ, ಯಾವ ಸಾಲು ಎಂದು ಬರೆದೆ, ಗೈಡ್ ಸಹಿ ಹಾಕಿದರು. ಒಪ್ಪಿಗೆ ಬಂತು.

ಆಮೇಲೆ ಕಾಗದಪತ್ರ. ಕಾಲೇಜಿನಿಂದ ವಿದೇಶ ಪ್ರಯಾಣಕ್ಕೆ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು. ನನ್ನ ಫೈಲ್ 74 ದಿನ ಟೇಬಲ್‌ನಿಂದ ಟೇಬಲ್‌ಗೆ ಹೋಯಿತು, ಒಂದು ಕಡೆ ರಜೆಯಲ್ಲಿದ್ದವರ ಟೇಬಲ್ ಮೇಲೆ ಮೂರು ವಾರ ಕೂತಿತ್ತು. ಕೊಟ್ಟ ದಿನದ ಸ್ವೀಕೃತಿ ಇಟ್ಟುಕೊಳ್ಳಿ, ಪ್ರತಿ ಸೋಮವಾರ ಖುದ್ದಾಗಿ ಹೋಗಿ ಕೇಳಿ. ಯು.ಕೆ. ಸಂದರ್ಶಕ ವೀಸಾಕ್ಕೆ 2024ರಲ್ಲಿ 115 ಪೌಂಡ್ ಕೊಟ್ಟೆ, 2025ರ ಏಪ್ರಿಲ್‌ನಲ್ಲಿ ಅದು 127ಕ್ಕೆ ಏರಿತು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ರಜೆ ಮಂಜೂರಾತಿ, ಗ್ರಂಥಾಲಯದ ಇಮೇಲ್. ಮನೆ ನಮ್ಮದೇ ಎಂದು ತೋರಿಸುವ ಉತಾರ ಕನ್ನಡದಲ್ಲಿತ್ತು. ಕನ್ನಡದ ದಾಖಲೆಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕೆಂಬುದು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಗೊತ್ತಾಯಿತು. ಸಂಜೆ ಐದಕ್ಕೆ ಕೋರ್ಟ್ ಹತ್ತಿರ ಓಡಿದೆ, 1,200 ರೂಪಾಯಿ ಹೋಯಿತು. ಪಾಸ್‌ಪೋರ್ಟ್ ಹತ್ತೊಂಬತ್ತು ದಿನಕ್ಕೆ ವಾಪಸ್ ಬಂತು. ಟಿಕೆಟ್, ಹನ್ನೊಂದು ದಿನದ ವಾಸ್ತವ್ಯ, ಊಟ, ಬಸ್ಸು ಎಲ್ಲ ಸೇರಿ ಎರಡು ಲಕ್ಷ ಮೂವತ್ತು ಸಾವಿರ. ಅದರಲ್ಲಿ ಒಂದು ಲಕ್ಷ ಸೊಸೈಟಿ ಸಾಲ, ಇನ್ನೂ ಕಂತು ಕಟ್ಟುತ್ತಿದ್ದೇನೆ.

ಬಾಡ್ಲಿಯನ್‌ನಲ್ಲಿ ಓದುಗರ ಕಾರ್ಡ್ ಕೊಡುವ ಮೊದಲು ಒಂದು ಪ್ರತಿಜ್ಞೆ ಓದಿಸುತ್ತಾರೆ. ಪುಸ್ತಕ ಹೊರಗೆ ಒಯ್ಯುವುದಿಲ್ಲ, ಅದರ ಮೇಲೆ ಗುರುತು ಮಾಡುವುದಿಲ್ಲ, ಗ್ರಂಥಾಲಯದೊಳಗೆ ಬೆಂಕಿ ತರುವುದಿಲ್ಲ, ಹೊತ್ತಿಸುವುದಿಲ್ಲ. ಬೆಂಕಿ ಎಂಬ ಅರ್ಥದ 'ಬ್ರುನೆ' ಪದವನ್ನು ಐದು ವರ್ಷ ಓದಿ ಬಂದವಳಿಗೆ ಆ ಸಾಲು ಹೇಳುವಾಗ ಗಂಟಲು ಕಟ್ಟಿತು. ಪೆನ್ನು ಒಳಗೆ ಬಿಡುವುದಿಲ್ಲ, ಎರಡು ಮೂರು ಪೆನ್ಸಿಲ್ ಒಯ್ಯಿರಿ. ಜೂನ್ ಆಗಿದ್ದರೂ ಓದುವ ಕೋಣೆ ತಣ್ಣಗಿತ್ತು, ಸ್ವೆಟರ್ ಇರಲಿ.

ಹಸ್ತಪ್ರತಿಯನ್ನು ಸ್ಪಂಜಿನ ದಿಂಬಿನ ಮೇಲೆ ಇಟ್ಟುಕೊಟ್ಟರು. ಚರ್ಮದ ಹಾಳೆ. ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲಲ್ಲಿ ರೋಮ ಇದ್ದ ಕಡೆ ಸೂಜಿ ಚುಚ್ಚಿದಂಥ ಚುಕ್ಕೆಗಳು. ಹಾಳೆ ತಿರುವಿದರೆ ಒಣಗಿದ ಮುತ್ತುಗದೆಲೆಯ ಸದ್ದು. ಬರೆದವನ ಅಕ್ಷರ ಕಪ್ಪಗೆ, ಗುಂಡಗೆ, ನೇರ. ಅದರ ಮೇಲೆ ಸಾಲಿನ ಸಂದಿಯಲ್ಲಿ ಆ ಸನ್ಯಾಸಿಯ ಪುಟ್ಟ ಅಕ್ಷರಗಳು, ಎಡಕ್ಕೆ ವಾಲಿ, ಪ್ರತಿ ಗೀಟಿನ ಅಂಚೂ ಅಲೆ ಅಲೆ. ಅಜ್ಜ ಕೊನೆಯ ದಿನಗಳಲ್ಲಿ ಸತ್ಯವೇದದ ಅಂಚಿನಲ್ಲಿ ಬರೆದ ಅಕ್ಷರ ಹೀಗೇ ಇತ್ತು. ಆರು ದಿನ ಕೂತು ನನಗೆ ಬೇಕಾದ ಪುಟಗಳ ಟಿಪ್ಪಣಿಗಳನ್ನು ಒಂದೊಂದಾಗಿ ನಕಲು ಮಾಡಿಕೊಂಡೆ. ಮಧ್ಯಾಹ್ನ ಹನ್ನೊಂದರಿಂದ ಎರಡರವರೆಗೆ ಕಿಟಕಿಯ ಬೆಳಕಲ್ಲಿ ಮಾಸಿದ ಅಕ್ಷರ ಚೆನ್ನಾಗಿ ಕಾಣುತ್ತಿತ್ತು, ಕಷ್ಟದ ಪುಟಗಳನ್ನು ಆ ಹೊತ್ತಿಗೇ ಇಟ್ಟುಕೊಂಡೆ.

ಊರಿಗೆ ಬಂದು ಬರೆದು ಮುಗಿಸಿದ ಮೇಲೆ ನೆನೆಸದ ತೊಡಕು: ಕೃತಿಚೌರ್ಯ ತಪಾಸಣೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ ಶೇ 10ರ ತನಕ ಹೋಲಿಕೆಗೆ ದಂಡವಿಲ್ಲ. ನನ್ನ ವರದಿ ಶೇ 34 ತೋರಿಸಿತು. ವಲ್ಗೇಟಿನ ವಚನ, ಪ್ರಸಂಗದ ಮೂಲ ಸಾಲು, ಎಲ್ಲವೂ ಕದ್ದದ್ದು ಎಂದು ಕೆಂಪಾಗಿದ್ದವು. ಕಳವಿನ ಪಾಪದ ಬಗ್ಗೆ ಬರೆದ ಅಧ್ಯಾಯವೇ ಅತಿ ಹೆಚ್ಚು ಕೆಂಪು. ಉಲ್ಲೇಖಗಳನ್ನು ಮೂಲ ಹೇಳಿ ಕೊಟ್ಟಿದ್ದರೆ ಲೆಕ್ಕದಿಂದ ಬಿಡಬೇಕು ಎಂದು ಅದೇ ನಿಯಮದಲ್ಲಿದೆ. ಆದರೆ ನಾನು ಉದ್ದ ಉಲ್ಲೇಖಗಳಿಗೆ ಉದ್ಧರಣ ಚಿಹ್ನೆ ಹಾಕದೆ ಒಳಕ್ಕೆ ಸರಿಸಿ ಟೈಪ್ ಮಾಡಿದ್ದೆ, ತಂತ್ರಾಂಶಕ್ಕೆ ಅವು ಉಲ್ಲೇಖ ಎಂದು ತಿಳಿಯಲಿಲ್ಲ. 212 ಕಡೆ ಚಿಹ್ನೆ ಹಾಕಿ ಮತ್ತೆ ಕೊಟ್ಟಾಗ ಶೇ 7. ನೀವು ಮೊದಲ ದಿನದಿಂದಲೇ ಚಿಹ್ನೆ ಹಾಕಿ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಒಂದೇ ಪ್ರಶ್ನೆಯನ್ನು ನಾಲ್ಕು ಥರ ಕೇಳಿದರು. ಈ ದನಿ ನಿಮಗೆ ಕೇಳಿಸಿತು, ಸರಿ, ಅಂದು ಪ್ರಸಂಗ ಕೇಳಿದವರಿಗೂ ಕೇಳಿಸಿತ್ತು ಎನ್ನಲು ಏನಾಧಾರ? ವುಲ್ಫ್‌ಸ್ಟನ್‌ನದೇ ಇನ್ನೊಂದು ಪ್ರಸಂಗ ಯಾಜಕಕಾಂಡದ 26ನೇ ಅಧ್ಯಾಯವನ್ನೇ ಬಿಡಿಸಿ ಹೇಳುತ್ತದೆ ಎಂದೆ. ಅದನ್ನೂ ಇದನ್ನೂ ಅವನು ಒಂದೇ ನಾಡಿನ ಜನರಿಗೆ, ಅವರ ಮಾತಿನಲ್ಲೇ ಹೇಳಿದ್ದು. ಬೆದರಿಕೆ ಒಂದು ಕಡೆ ಕೇಳಿದ ಕಿವಿಗೆ ಇನ್ನೊಂದು ಕಡೆ ಅದು ನಿಜವಾದದ್ದು ಗೊತ್ತಾಗುತ್ತದೆ. ಅವರು ಸುಮ್ಮನಿದ್ದರು. ಆಗ ಅಜ್ಜನ ಸಭೆಯ ಮುದುಕಿಯರ ತುಟಿಯ ವಿಷಯ ಹೇಳಿದೆ. ಅದು ಪ್ರಬಂಧದಲ್ಲಿ ಇರಲಿಲ್ಲ. ಅವರು ಕನ್ನಡಕ ತೆಗೆದು, 'ಅದನ್ನ ಮುನ್ನುಡಿಯೊಳಗ ಬರೀರಿ' ಎಂದರು.

ವಿಶ್ವವಿದ್ಯಾಲಯದಿಂದ ಪದವಿಯ ನೋಟಿಫಿಕೇಶನ್ ಬರಲು 38 ದಿನ ಹಿಡಿಯಿತು. ತಾತ್ಕಾಲಿಕ ಪ್ರಮಾಣಪತ್ರ ಮೊನ್ನೆ ಕೈಗೆ ಬಂತು. ಮನೆಗೆ ಬಂದು ಅವ್ವನಿಗೆ ಓದಿ ಹೇಳುವಾಗ ಪ್ರಬಂಧದ ಶೀರ್ಷಿಕೆಯಲ್ಲಿ ಒಂದು ಅಕ್ಷರ ಬಿಟ್ಟುಹೋಗಿರುವುದು ಕಂಡಿತು. 300 ರೂಪಾಯಿ ಚಲನ್ ಕಟ್ಟಿ ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೇನೆ, ಹದಿನೈದು ದಿನ ಬಿಟ್ಟು ಬರಲು ಹೇಳಿದ್ದಾರೆ. ನಿಮ್ಮದು ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ಒಂದೊಂದು ಅಕ್ಷರ ಓದಿ ನೋಡಿ.